ಹಾಳೂರಿನ ಚರ್ಚು: ವಾರಮ್ ಪರ್ಸಿಯ ಸಂತ ಮಾರ್ಟಿನನ ದೇವಮಂದಿರ

ಅರಸರ ಚರಿತ್ರೆಗೆ ಶಾಸನಗಳುಂಟು, ಮಠಗಳ ಚರಿತ್ರೆಗೆ ದಾನಪತ್ರಗಳುಂಟು. ಉತ್ತು ಬಿತ್ತಿ ಬಾಳಿ ಮಣ್ಣಾದ ಸಾಮಾನ್ಯ ಒಕ್ಕಲಿನ ಚರಿತ್ರೆಗೆ ಯಾವ ಆಧಾರವುಂಟು? ಎಲ್ಲ ದೇಶಗಳ ಚರಿತ್ರಕಾರರನ್ನೂ ಕಾಡಿದ ಪ್ರಶ್ನೆಯಿದು. ಇಂಗ್ಲೆಂಡಿನಲ್ಲಿ ಮಧ್ಯಯುಗದ ಬರೆವಣಿಗೆಗೆ ಕೊರತೆಯಿಲ್ಲ. ಆದರೆ ಅದನ್ನು ಬರೆಸಿದವರು ಒಡೆಯರು, ಬರೆದವರು ಅವರ ಕರಣಿಕರು. ಒಕ್ಕಲಾದವನು ಕೊಟ್ಟ ತೆರಿಗೆಯೆಷ್ಟು, ಒಡೆಯನ ಹೊಲದಲ್ಲಿ ಬಿಟ್ಟಿ ದುಡಿದ ದಿನಗಳೆಷ್ಟು ಎಂಬುದನ್ನು ಆ ಕಡತಗಳು ಹೇಳುತ್ತವೆ. ಅವನ ಮನೆ ಎಂತಹದು, ಮಕ್ಕಳು ಹೇಗೆ ಬೆಳೆದರು, ಅವನು ಯಾವ ಬೇನೆಯಿಂದ ನರಳಿದನು ಎಂಬುದನ್ನು ಹೇಳುವುದಿಲ್ಲ. ಕಾಗದವು ಹೇಳದೆ ಬಿಟ್ಟ ಈ ಸಂಗತಿಗಳನ್ನು ಒಂದು ಸಣ್ಣ ಹಳ್ಳಿಯ ಚರ್ಚು ತನ್ನ ಗೋಡೆಗಳಿಂದಲೂ ತನ್ನ ಅಂಗಳದ ಮಣ್ಣಿನಿಂದಲೂ ತಿಳಿಸಿಕೊಟ್ಟಿತು. ಆ ಹಳ್ಳಿಯ ಹೆಸರು ವಾರಮ್ ಪರ್ಸಿ. ಚರ್ಚು ಸಂತ ಮಾರ್ಟಿನನ ಹೆಸರಿನದು. ಹಳ್ಳಿ ಅಳಿದು ಐದು ಶತಮಾನಗಳಾದುವು. ಚರ್ಚಿನ ಗೋಡೆಗಳು ಮಾತ್ರ ಇಂದಿಗೂ ನಿಂತಿವೆ.

ಕನ್ನಡ ನಾಡಿನ ಕಂದಾಯದ ಲೆಕ್ಕಗಳಲ್ಲಿ ಜನವಸತಿಯಿಲ್ಲದ ಗ್ರಾಮಕ್ಕೆ 'ಬೇಚಿರಾಕು' ಎಂದು ಬರೆಯುವ ರೂಢಿಯುಂಟು. ದೀಪವಿಲ್ಲದ ಊರು ಎಂದು ಆ ಮಾತಿನ ಅರ್ಥ. ಇಂಗ್ಲೆಂಡಿನಲ್ಲಿ ಮಧ್ಯಯುಗದ ಅಂತಹ ಬೇಚಿರಾಕು ಗ್ರಾಮಗಳು ೨,೦೦೦ಕ್ಕೂ ಹೆಚ್ಚಾಗಿವೆ ಎಂದು ವಿದ್ವಾಂಸರು ಎಣಿಸಿದ್ದಾರೆ. ಅವುಗಳಲ್ಲಿ ಅತ್ಯಂತ ಕೂಲಂಕಷವಾದ ಶೋಧನೆಗೆ ಒಳಗಾದುದು ಇದೇ ವಾರಮ್ ಪರ್ಸಿ.

೧. ಸ್ಥಳ

ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿರುವ ಯಾರ್ಕ್‌ಷೈರ್ ಪ್ರಾಂತ್ಯದಲ್ಲಿ 'ವೋಲ್ಡ್ಸ್' ಎಂದು ಕರೆಯಲ್ಪಡುವ ಸುಣ್ಣಗಲ್ಲಿನ ಗುಡ್ಡಗಳ ಸಾಲೊಂದಿದೆ. ಮಳೆಯ ನೀರು ಈ ಕಲ್ಲಿನಲ್ಲಿ ಬೇಗನೆ ಇಂಗಿಹೋಗುವುದರಿಂದ ಗುಡ್ಡಗಳ ನೆತ್ತಿಯು ಒಣನೆಲವಾಗಿರುತ್ತದೆ. ಇಂಗಿದ ನೀರು ಊಟೆಯಾಗಿ ಹೊರಡುವುದು ಕಣಿವೆಗಳಲ್ಲಿ. ಮಾಲ್ಟನ್ ಪಟ್ಟಣದಿಂದ ಆಗ್ನೇಯಕ್ಕೆ ಆರೇಳು ಮೈಲಿಗಳ ದೂರದಲ್ಲಿ ಇಂತಹ ಒಂದು ಕಣಿವೆಯುಂಟು. ಅದರ ಪಶ್ಚಿಮದ ದಿಣ್ಣೆಯ ಮೇಲೆ ಊರು, ಕೆಳಗೆ ತೊರೆಯ ಬಳಿ ಚರ್ಚು, ಅದರ ದಕ್ಷಿಣಕ್ಕೆ ಒಡ್ಡು ಕಟ್ಟಿ ನಿಲ್ಲಿಸಿದ ಒಂದು ಕೊಳ. ಈಗ ಆ ದಿಣ್ಣೆಯ ಮೇಲೆ ಹುಲ್ಲು ಬೆಳೆದಿದೆ. ಆದರೆ ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಹುಲ್ಲಿನ ಕೆಳಗೆ ಹಳೆಯ ಬೀದಿಯ ತಗ್ಗು, ಮನೆಗಳ ತಳಪಾಯದ ಏರು, ಹಿತ್ತಿಲುಗಳ ಎಲ್ಲೆ ಇವೆಲ್ಲವೂ ಗೆರೆ ಎಳೆದಂತೆ ಗೋಚರಿಸುತ್ತವೆ. ಸುಮಾರು ನಲವತ್ತು ಮನೆಗಳ ಗುರುತುಗಳನ್ನು ಹೀಗೆ ಎಣಿಸಬಹುದಾಗಿದೆ.

೧೦೮೬ರಲ್ಲಿ ಒಂದನೆಯ ವಿಲಿಯಮ್ ದೊರೆಯು ಮಾಡಿಸಿದ 'ಡೂಮ್ಸ್‌ಡೇ' ಎಂಬ ಭೂಪರಿಶೀಲನೆಯ ಗ್ರಂಥದಲ್ಲಿ ವಾರಮ್ ಎಂಬ ಹೆಸರು ಬರುತ್ತದೆ. ೧೨ನೆಯ ಶತಮಾನದಲ್ಲಿ ಪರ್ಸಿ ಎಂಬ ಮನೆತನದವರು ಇಲ್ಲಿ ಒಡೆಯರಾದುದರಿಂದ ಊರಿಗೆ ಅವರ ಹೆಸರೂ ಸೇರಿಕೊಂಡಿತು. ೧೫ನೆಯ ಶತಮಾನದ ಆರಂಭದಲ್ಲಿ ಒಡೆತನವು ಅವರಿಂದ ಹಿಲ್ಟನ್ ಎಂಬ ಮನೆತನಕ್ಕೆ ಹೋಯಿತು. ಒಡೆಯರು ಬದಲಾದರೂ ಹೆಸರು ಬದಲಾಗಲಿಲ್ಲ.

೨. ಹಳ್ಳಿಯ ಚರ್ಚಿನ ರಚನೆ

ಈ ಕಟ್ಟಡದ ಚರಿತ್ರೆಯನ್ನು ಹೇಳುವುದಕ್ಕೆ ಮೊದಲು ಇಂಗ್ಲೆಂಡಿನ ಹಳ್ಳಿಯ ಚರ್ಚಿನ ಅಂಗಗಳಾವುವೆಂಬುದನ್ನು ಸಂಗ್ರಹವಾಗಿ ತಿಳಿಯಬೇಕು. ಕಟ್ಟಡವು ಪಶ್ಚಿಮದಿಂದ ಪೂರ್ವಕ್ಕೆ ಉದ್ದವಾಗಿರುತ್ತದೆ. ಪಶ್ಚಿಮದ ದೊಡ್ಡ ಭಾಗಕ್ಕೆ 'ನೇವ್' ಎಂದು ಹೆಸರು; ಊರ ಜನರು ಕೂಡುವ ಜಾಗವಾದುದರಿಂದ ಅದನ್ನು ಸಭಾಶಾಲೆ ಎನ್ನಬಹುದು. ಪೂರ್ವದಲ್ಲಿ ಅದಕ್ಕಿಂತ ಇಕ್ಕಟ್ಟಾದ 'ಚಾನ್ಸೆಲ್' ಎಂಬ ಭಾಗವುಂಟು, ಬಲಿಪೀಠವಿರುವುದೂ ಪಾದ್ರಿಯು ಪೂಜೆಯನ್ನು ನಡೆಯಿಸುವುದೂ ಅಲ್ಲಿಯೇ, ಅದು ಪೂಜಾಶಾಲೆ. ಸಭಾಶಾಲೆಯ ಎಡಬಲಗಳಲ್ಲಿ ಕಮಾನುಗಳ ಸಾಲಿನಾಚೆಗೆ ಸೇರಿಸಿದ ಉದ್ದನೆಯ ಮೊಗಸಾಲೆಗಳೇ ಪಾರ್ಶ್ವಶಾಲೆಗಳು. ಪಶ್ಚಿಮದ ತುದಿಯಲ್ಲಿ ಸಾಮಾನ್ಯವಾಗಿ ಗಂಟೆಗೋಪುರ. ಸುತ್ತಲೂ ಊರಿನವರನ್ನೆಲ್ಲ ಹೂಳುವ ಅಂಗಳ.

ಇದರೊಡನೆ ಇನ್ನೊಂದು ವಿಷಯವನ್ನೂ ನೆನಪಿನಲ್ಲಿಡಬೇಕು. ೧೩ನೆಯ ಶತಮಾನದ ಹೊತ್ತಿಗೆ ಇಂಗ್ಲೆಂಡಿನಲ್ಲಿ ನೆಲೆಗೊಂಡ ನಿಯಮದಂತೆ ಸಭಾಶಾಲೆಯನ್ನೂ ಅಂಗಳವನ್ನೂ ಸುಸ್ಥಿತಿಯಲ್ಲಿಡುವ ಹೊಣೆ ಊರ ಜನರದು. ಪೂಜಾಶಾಲೆಯ ಹೊಣೆ, ಬೆಳೆಯ ಹತ್ತರಲ್ಲೊಂದು ಪಾಲಾದ ದಶಮಾಂಶವನ್ನು ಅನುಭವಿಸುವವನದು. ಹೀಗೆ ಒಂದೇ ಸೂರಿನ ಕೆಳಗೆ ಎರಡು ಕೈಗಳ ಹಣ ಸೇರಿರುತ್ತದೆ. ಆದುದರಿಂದ ಕಟ್ಟಡದ ಯಾವ ಭಾಗ ಯಾವಾಗ ಹಿಗ್ಗಿತು, ಯಾವ ಭಾಗ ಯಾವಾಗ ಕುಗ್ಗಿತು ಎಂಬುದನ್ನು ನೋಡಿದರೆ ಯಾರ ಕೈ ತುಂಬಿತ್ತು, ಯಾರ ಕೈ ಬರಿದಾಗಿತ್ತು ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ವಾರಮ್ ಪರ್ಸಿಯ ಚರ್ಚು ಆ ಒಂದು ಹಳ್ಳಿಗೆ ಮಾತ್ರ ಸೇರಿದುದಾಗಿರಲಿಲ್ಲ. ತಿಕ್ಸೆಂಡೇಲ್, ರೇಸ್ತಾರ್ಪ್, ಬರ್ಡೇಲ್, ಟೌತಾರ್ಪ್ ಎಂಬ ಇನ್ನು ನಾಲ್ಕು ಊರುಗಳಿಗೂ ಅದೇ ಚರ್ಚು. ಐದು ಊರುಗಳ ಮಕ್ಕಳಿಗೆ ದೀಕ್ಷಾಸ್ನಾನವಾಗಬೇಕಾದುದು ಇಲ್ಲಿ. ಸತ್ತವರನ್ನು ಹೊತ್ತು ತರಬೇಕಾದುದೂ ಇಲ್ಲಿಗೆ. ಚರ್ಚಿನ ಮುಂದಿನ ಗತಿಯು ಈ ಸಂಗತಿಯನ್ನು ಅವಲಂಬಿಸಿತ್ತು.

೩. ಬೆಳವಣಿಗೆ

ಅಗೆತದಿಂದ ತಿಳಿದುಬಂದಂತೆ ಈ ಸ್ಥಳದ ಮೊದಲನೆಯ ಚರ್ಚು ಮರದ್ದು. ಇಂದಿನ ನೆಲಗಟ್ಟಿನ ಅಡಿಯಲ್ಲಿ ಕಂಬಗಳನ್ನು ನೆಟ್ಟಿದ್ದ ಗುಳಿಗಳು ಕಾಣಿಸಿದುವು. ಕ್ರಿ. ಶ. ೧೦ನೆಯ ಶತಮಾನದ ಆ ಕಟ್ಟಡವು ತೀರ ಚಿಕ್ಕದಾಗಿತ್ತು. ೧೧ನೆಯ ಶತಮಾನದಲ್ಲಿ ಅದರ ಜಾಗದಲ್ಲಿ ಕಲ್ಲಿನ ಚರ್ಚೊಂದು ಎದ್ದಿತು. ಅದರಲ್ಲಿಯೂ ಒಂದು ಸಭಾಶಾಲೆ, ಒಂದು ಪೂಜಾಶಾಲೆ, ಇಷ್ಟೇ.

೧೨ನೆಯ ಶತಮಾನದಲ್ಲಿ ಇದು ಸಾಲದಾಯಿತು. ನಾರ್ಮನ್ನರ ಆಳಿಕೆಯ ಆ ಕಾಲದಲ್ಲಿ ಹಳೆಯ ಚರ್ಚನ್ನು ತೆಗೆದು ಅದಕ್ಕಿಂತ ದೊಡ್ಡದಾದುದನ್ನು ಕಟ್ಟಿದರು. ಅದರ ಪೂರ್ವದ ತುದಿಯು ಚೌಕವಾಗಿರದೆ ಅರ್ಧವೃತ್ತಾಕಾರವಾಗಿತ್ತು; ಭಾರತದ ಶಿಲ್ಪಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಗಜಪೃಷ್ಠಾಕಾರ. ಪಶ್ಚಿಮದಲ್ಲಿ ಗೋಪುರವೆದ್ದಿತು. ಅದೇ ಶತಮಾನದ ಕೊನೆಯ ಭಾಗದಲ್ಲಿ ಸಭಾಶಾಲೆಯ ದಕ್ಷಿಣದ ಗೋಡೆಯನ್ನು ಒಡೆದು, ಕಮಾನುಗಳನ್ನು ನಿಲ್ಲಿಸಿ, ಅದರಾಚೆಗೆ ಪಾರ್ಶ್ವಶಾಲೆಯನ್ನು ಸೇರಿಸಿದರು. ೧೩ನೆಯ ಶತಮಾನದಲ್ಲಿ ಉತ್ತರದ ಕಡೆಗೂ ಅಂತಹುದೇ ಮತ್ತೊಂದು ಬಂದಿತು. ಪೂಜಾಶಾಲೆಯು ಇನ್ನಷ್ಟು ಉದ್ದವಾಯಿತು. ಈಶಾನ್ಯದ ಮೂಲೆಯಲ್ಲಿ ಒಂದು ಉಪಮಂದಿರವೂ ಕೂಡಿತು. ೧೪ನೆಯ ಶತಮಾನದ ಪೂರ್ವಾರ್ಧದ ವೇಳೆಗೆ ಸಂತ ಮಾರ್ಟಿನನ ಚರ್ಚು ತನ್ನ ಆಯುಷ್ಯದಲ್ಲಿಯೇ ಅತ್ಯಂತ ವಿಸ್ತಾರವಾದ ರೂಪವನ್ನು ಪಡೆದಿತ್ತು.

ಕಟ್ಟಡ ಬೆಳೆದುದೆಲ್ಲವೂ ಜನ ಹೆಚ್ಚಿದುದಕ್ಕೆ ಸಾಕ್ಷಿಯೆಂದು ಅವಸರಪಟ್ಟು ಹೇಳಲಾಗದು. ಪಾರ್ಶ್ವಶಾಲೆಗಳನ್ನು ಕಟ್ಟುವುದಕ್ಕೆ ಬೇರೆ ಕಾರಣಗಳೂ ಇದ್ದುವು. ಬೇರೆ ಬೇರೆ ಸಂತರ ಹೆಸರಿನ ಬಲಿಪೀಠಗಳಿಗೆ ಎಡೆ ಬೇಕಾಗಿತ್ತು. ಹಬ್ಬಗಳಲ್ಲಿ ಮೆರವಣಿಗೆ ಸುತ್ತಿಬರುವುದಕ್ಕೆ ದಾರಿ ಬೇಕಾಗಿತ್ತು. ತನ್ನ ಹಿರಿಯರ ಆತ್ಮಕ್ಕೆ ಶಾಂತಿಯನ್ನು ಕೋರಿ ಒಡೆಯನಾದವನು ಹಣ ಕೊಡುವುದೂ ಇತ್ತು. ಆದರೂ ಇಂಗ್ಲೆಂಡಿನ ಸಾವಿರಾರು ಹಳ್ಳಿಗಳಲ್ಲಿ ಒಕ್ಕಲು ಹೆಚ್ಚಿ, ಕಾಡುಮೇಡುಗಳು ಉಳುಮೆಗೆ ಬಂದುದು ಇದೇ ಎರಡು ಶತಮಾನಗಳಲ್ಲಿ ಎಂಬುದನ್ನು ಮರೆಯಲಾಗದು. ಭಕ್ತಿಯು ಎಷ್ಟೇ ಇದ್ದರೂ ಧಾನ್ಯವಿಲ್ಲದೆ ಗೋಡೆ ಏಳುವುದಿಲ್ಲ.

೧೪ನೆಯ ಶತಮಾನದಲ್ಲಿ ಈ ಚರ್ಚಿನ ಆದಾಯವು ಹಲ್ ಪಟ್ಟಣದ ಸಮೀಪದ ಹಾಲ್ಟೆಂಪ್ರೈಸ್ ಎಂಬ ಸಂನ್ಯಾಸಿಗಳ ಮಠಕ್ಕೆ ಸೇರಿತು. ಅಂದಿನಿಂದ ಐದು ಊರುಗಳ ದಶಮಾಂಶವು ದೂರದ ಮಠದ ಕಣಜಕ್ಕೆ ಹೋಗತೊಡಗಿತು.

೪. ಊರು ಬರಿದಾದ ಬಗೆ

ಇಂಗ್ಲೆಂಡಿನಲ್ಲಿ ಎಲ್ಲಿಯಾದರೂ ಹಾಳುಬಿದ್ದ ಹಳ್ಳಿಯ ಗುರುತು ಕಂಡರೆ 'ಇದು ಮಹಾಮಾರಿಯ ಕೆಲಸ' ಎಂದು ಸುತ್ತಲಿನ ಜನರು ಹೇಳುವುದು ವಾಡಿಕೆ. ೧೩೪೮-೪೯ರಲ್ಲಿ ಬಂದ ಆ ಪ್ಲೇಗು ದೇಶದ ಜನಸಂಖ್ಯೆಯ ಮೂರನೆಯ ಒಂದು ಪಾಲನ್ನಾದರೂ, ಪ್ರಾಯಶಃ ಅದಕ್ಕೂ ಹೆಚ್ಚನ್ನು, ಕೊಂಡೊಯ್ದಿತು. ವಾರಮ್ ಪರ್ಸಿಯೂ ಅದರ ಹೊಡೆತದಿಂದ ತಪ್ಪಿಸಿಕೊಳ್ಳಲಿಲ್ಲ. ಆದರೆ ಈ ಹಳ್ಳಿಯನ್ನು ಅಳಿಸಿದುದು ಪ್ಲೇಗು ಅಲ್ಲ. ಅದಾದ ಮೇಲೆಯೂ ಸುಮಾರು ಒಂದೂವರೆ ಶತಮಾನದವರೆಗೆ ಇಲ್ಲಿ ಒಲೆಗಳು ಉರಿದುವು, ನೇಗಿಲುಗಳು ನಡೆದುವು.

ಪ್ಲೇಗು ಮಾಡಿದುದು ಬೇರೊಂದು ಕೆಲಸ. ಆಳುಗಳು ಕಡಮೆಯಾದುದರಿಂದ ಕೂಲಿ ಏರಿತು. ಉಣ್ಣುವ ಬಾಯಿಗಳು ಕಡಮೆಯಾದುದರಿಂದ ಧಾನ್ಯದ ಬೆಲೆ ಇಳಿಯಿತು. ಇತ್ತ ಉಣ್ಣೆಯ ಬಟ್ಟೆಯ ವ್ಯಾಪಾರ ಬೆಳೆಯುತ್ತಿತ್ತು. ನೂರು ಎಕರೆ ಉಳುವುದಕ್ಕೆ ಅನೇಕ ಒಕ್ಕಲುಗಳು ಬೇಕು. ಅದೇ ನೂರು ಎಕರೆ ಹುಲ್ಲಿನಲ್ಲಿ ಕುರಿ ಕಾಯುವುದಕ್ಕೆ ಒಬ್ಬ ಕುರುಬನೂ ಒಂದು ನಾಯಿಯೂ ಸಾಕು. ಈ ಲೆಕ್ಕವನ್ನು ಒಡೆಯರು ಬೇಗನೆ ಕಲಿತರು. ಒಣನೆಲದ ವೋಲ್ಡ್ಸ್ ಗುಡ್ಡಗಳಲ್ಲಿ, ಒಕ್ಕಲುಗಳು ಆಗಲೇ ವಿರಳವಾಗಿದ್ದ ಊರುಗಳಲ್ಲಿ, ಆ ಲೆಕ್ಕವನ್ನು ಜಾರಿಗೆ ತರುವುದು ಸುಲಭವಾಗಿತ್ತು.

ಕ್ರಿ. ಶ. ೧೫೦೦ರ ಸುಮಾರಿಗೆ ವಾರಮ್ ಪರ್ಸಿಯಲ್ಲಿ ಉಳಿದಿದ್ದ ಕೊನೆಯ ನಾಲ್ಕು ಮನೆಗಳನ್ನು ಹಿಲ್ಟನ್ ಒಡೆಯನು ಕೆಡವಿಸಿದನು. ನಾಲ್ಕು ನೇಗಿಲುಗಳು ನಿಂತುಹೋದುವು. ಹಳ್ಳಿಗಳು ಹೀಗೆ ಬರಿದಾಗುವುದನ್ನು ತಡೆಯಲು ೧೪೮೯ರಲ್ಲಿಯೇ ಪಾರ್ಲಿಮೆಂಟು ಶಾಸನ ಮಾಡಿತ್ತು. ಕುರಿಗಳೇ ಮನುಷ್ಯರನ್ನು ತಿನ್ನತೊಡಗಿವೆ ಎಂಬ ಕಟಕಿಯನ್ನು ತಾಮಸ್ ಮೋರನು ತನ್ನ 'ಯುಟೋಪಿಯ' ಗ್ರಂಥದಲ್ಲಿ ಸೇರಿಸಿದುದು ೧೫೧೬ರಲ್ಲಿ. ಮರುವರ್ಷ, ೧೫೧೭ರಲ್ಲಿ, ಕಾರ್ಡಿನಲ್ ವೂಲ್ಸಿಯು ನಡೆಯಿಸಿದ ವಿಚಾರಣೆಯಲ್ಲಿ ವಾರಮ್ ಪರ್ಸಿಯ ಈ ನಾಲ್ಕು ಮನೆಗಳ ಸಂಗತಿ ದಾಖಲೆಯಾಯಿತು. ವಿಚಾರಣೆಯಿಂದ ಮನೆಗಳು ಮತ್ತೆ ಏಳಲಿಲ್ಲ. ಆರು ಶತಮಾನಗಳ ಕಾಲ ಜನ ಬಾಳಿದ ಊರಿನ ಮರಣಕ್ಕೆ ಸರಕಾರದ ಕಡತದಲ್ಲಿ ದೊರೆತುದು ಒಂದೆರಡು ಪಂಕ್ತಿ. ಹೊರಟುಹೋದವರ ಗತಿಯೇನಾಯಿತು ಎಂಬ ಮಾತು ಅದರಲ್ಲಿಲ್ಲ.

೫. ಕುಗ್ಗಿದ ಕಟ್ಟಡ

'ಹಾಳೂರಿಗೆ ಉಳಿದವನೇ ಗೌಡ' ಎಂಬ ಗಾದೆಯಂತೆ ಇಲ್ಲಿ ಉಳಿದುಕೊಂಡುದು ಚರ್ಚು ಮಾತ್ರ. ಮನೆಗಳು ಬಿದ್ದರೂ ಅದು ಏಕೆ ಬೀಳಲಿಲ್ಲವೆಂದರೆ ಮಿಕ್ಕ ನಾಲ್ಕು ಊರುಗಳಿಗೆ ಅದು ಬೇಕಾಗಿತ್ತು. ಆದರೆ ಆ ಊರುಗಳ ಗತಿಯೂ ಬಹುಮಟ್ಟಿಗೆ ಹೀಗೆಯೇ ಆಯಿತು. ರೇಸ್ತಾರ್ಪ್, ಬರ್ಡೇಲ್, ಟೌತಾರ್ಪ್ ಇವು ಕ್ರಮೇಣ ಒಂದೆರಡು ಬೇಸಾಯದ ಮನೆಗಳಾಗಿ ಕ್ಷೀಣಿಸಿದುವು. ಊರೆಂಬ ಹೆಸರಿಗೆ ತಕ್ಕಂತೆ ಉಳಿದುದು ತಿಕ್ಸೆಂಡೇಲ್ ಒಂದೇ.

ಕಟ್ಟಡವು ಈ ಕ್ಷಯವನ್ನು ಮೈಮೇಲೆ ಬರೆದುಕೊಂಡಿತು. ಊರು ಬರಿದಾದ ಕಾಲದ ಆಸುಪಾಸಿನಲ್ಲಿ ಪಾರ್ಶ್ವಶಾಲೆಗಳು ಒಂದೊಂದಾಗಿ ನೆಲಸಮವಾದುವು. ಸಭಾಶಾಲೆಯ ಎರಡು ಪಕ್ಕಗಳ ಕಮಾನುಗಳೊಳಗೆ ಕಲ್ಲು ತುಂಬಿ ಗೋಡೆ ಮಾಡಿ, ಬೆಳಕಿಗಾಗಿ ಆ ಗೋಡೆಯಲ್ಲಿ ಕಿಟಕಿಗಳನ್ನು ಕೂಡಿಸಿದರು. ಒಂದು ಕಾಲಕ್ಕೆ ಜನರು ಒಳಗೆ ನಡೆದಾಡುತ್ತಿದ್ದ ಕಮಾನು ಹೊರಗೋಡೆಯಾಯಿತು. ಇಂದಿಗೂ ನೋಡುವವನ ಕಣ್ಣಿಗೆ ಮೊದಲು ಬೀಳುವುದು ಇದೇ: ಕಮಾನಿನ ಅಂದವಾದ ಬಳೆ, ಅದರ ಹೊಟ್ಟೆಯಲ್ಲಿ ಒರಟುಕಲ್ಲಿನ ತುಂಬು. ಈಶಾನ್ಯದ ಉಪಮಂದಿರವೂ ಹೋಯಿತು.

ಕಟ್ಟಡವನ್ನು ಹಿಗ್ಗಿಸುವುದಕ್ಕೆ ಭಕ್ತಿ, ಕೀರ್ತಿ, ಸ್ಪರ್ಧೆ ಎಂದು ನಾನಾ ಕಾರಣಗಳಿರಬಹುದು. ಕಟ್ಟಿದುದನ್ನು ತಾವಾಗಿ ಕೆಡವಿ ಕುಗ್ಗಿಸುವುದಕ್ಕೆ ಅಷ್ಟು ಕಾರಣಗಳಿಲ್ಲ. ನಿಲ್ಲುವವರಿಲ್ಲದ ಶಾಲೆಗೆ ಮಾಡು ಹೊದಿಸುವ ಹಣ ಯಾರ ಬಳಿಯಲ್ಲಿಯೂ ಇರಲಿಲ್ಲ. ಆದುದರಿಂದ ಚರ್ಚಿನ ಬೆಳವಣಿಗೆಗಿಂತಲೂ ಅದರ ಕುಗ್ಗುವಿಕೆಯೇ ಜನಸಂಖ್ಯೆಗೆ ಹೆಚ್ಚು ನಂಬತಕ್ಕ ಸಾಕ್ಷಿಯೆಂದು ಹೇಳಬೇಕು.

ಜನರ ಪಾಲಿನ ಭಾಗ ಮೊದಲು ಕುಗ್ಗಿತು. ದಶಮಾಂಶದವನ ಪಾಲಿನ ಭಾಗ ತರುವಾಯ. ೧೫೩೬ರಲ್ಲಿ ಎಂಟನೆಯ ಹೆನ್ರಿಯ ಆಜ್ಞೆಯಂತೆ ಹಾಲ್ಟೆಂಪ್ರೈಸ್ ಮಠವು ಮುಚ್ಚಿತು. ಮತಸುಧಾರಣೆಯಾದ ಮೇಲೆ ಬಲಿಪೀಠದ ಹಳೆಯ ವೈಭವ ಹೋಗಿ, ಉಪದೇಶವನ್ನು ಕೇಳುವುದೇ ಮುಖ್ಯವಾಯಿತು. ಉದ್ದನೆಯ ಪೂಜಾಶಾಲೆಯ ಉಪಯೋಗವೂ ಕಡಮೆಯಾಯಿತು. ೧೭ನೆಯ ಶತಮಾನದಲ್ಲಿ ಪೂಜಾಶಾಲೆಯ ಪೂರ್ವಭಾಗವನ್ನು ಕೆಡವಿ ಅದನ್ನು ಮೊಟಕುಮಾಡಿದರು. ಹೀಗೆ ನಾಲ್ಕು ಶತಮಾನಗಳಲ್ಲಿ ಹಿಗ್ಗಿದ ಚರ್ಚು ಮುಂದಿನ ಮೂರು ಶತಮಾನಗಳಲ್ಲಿ ಮತ್ತೆ ಒಂದು ಸಭಾಶಾಲೆ, ಒಂದು ಗಿಡ್ಡ ಪೂಜಾಶಾಲೆ, ಒಂದು ಗೋಪುರ ಇಷ್ಟಕ್ಕೆ ಬಂದು ನಿಂತಿತು.

ಹೀಗಿದ್ದರೂ ದೀಪವಿಲ್ಲದ ಊರಿನಲ್ಲಿ ಚರ್ಚಿನ ದೀಪ ಆರಲಿಲ್ಲ. ತಿಕ್ಸೆಂಡೇಲಿನವರು ಗುಡ್ಡಗಳನ್ನು ದಾಟಿ ಭಾನುವಾರದ ಪ್ರಾರ್ಥನೆಗೆ ಬರುತ್ತಿದ್ದರು. ಶವಗಳನ್ನು ಅದೇ ದಾರಿಯಲ್ಲಿ ತರುತ್ತಿದ್ದರು. ೧೮೭೦ರಲ್ಲಿ ಸರ್ ಟ್ಯಾಟನ್ ಸೈಕ್ಸ್ ಎಂಬ ಜಮೀನುದಾರರ ಧನದಿಂದ, ಜಾರ್ಜ್ ಎಡ್ಮಂಡ್ ಸ್ಟ್ರೀಟ್ ಎಂಬ ಪ್ರಸಿದ್ಧ ವಾಸ್ತುಶಿಲ್ಪಿಯ ನಕ್ಷೆಯಂತೆ, ತಿಕ್ಸೆಂಡೇಲಿನಲ್ಲಿಯೇ ಹೊಸ ಚರ್ಚು ಸಿದ್ಧವಾಯಿತು. ಊರನ್ನು ಕಳೆದುಕೊಂಡೂ ಬದುಕಿದ್ದ ಹಳೆಯ ಚರ್ಚಿಗೆ ಇದು ಕೊನೆಯ ಪೆಟ್ಟು. ೧೯೪೯ರಲ್ಲಿ ಅಲ್ಲಿ ನಿಯತವಾದ ಪ್ರಾರ್ಥನೆ ನಿಂತಿತು. ಮಾಡು ಹೋಯಿತು. ೧೯೫೯ರಲ್ಲಿ ಗೋಪುರದ ಒಂದು ಭಾಗ ಕುಸಿದುಬಿದ್ದಿತು.

೬. ಮಣ್ಣಿನ ಸಾಕ್ಷ್ಯ

ಪ್ರಾರ್ಥನೆ ನಿಂತ ಮರುವರ್ಷವೇ ಅಗೆತ ಮೊದಲಾದುದು ಆಶ್ಚರ್ಯಕರವಾದ ಯೋಗ. ಲೀಡ್ಸ್ ವಿಶ್ವವಿದ್ಯಾನಿಲಯದಲ್ಲಿ ಆರ್ಥಿಕ ಇತಿಹಾಸದ ಉಪಾಧ್ಯಾಯರಾಗಿದ್ದ ಮಾರಿಸ್ ಬೆರೆಸ್ಫರ್ಡರು ೧೯೪೮ರಲ್ಲಿ ಈ ಕಣಿವೆಯನ್ನು ನೋಡಿದರು. ಹುಲ್ಲಿನಡಿಯ ಏರುತಗ್ಗುಗಳು ನಿಜವಾಗಿಯೂ ಮನೆಗಳೇ ಎಂಬುದನ್ನು ಪರೀಕ್ಷಿಸಲು ೧೯೫೦ರಲ್ಲಿ ಗುದ್ದಲಿ ಹಿಡಿದರು. ಕೆಲಕಾಲದಲ್ಲಿಯೇ ಪ್ರಾಕ್ತನಶಾಸ್ತ್ರದಲ್ಲಿ ಪಳಗಿದ ಜಾನ್ ಹರ್ಸ್ಟರು ಜೊತೆಗೂಡಿದರು. ಅಂದಿನಿಂದ ೧೯೯೦ರವರೆಗೆ, ನಲವತ್ತು ವರ್ಷಗಳ ಕಾಲ, ಪ್ರತಿ ಬೇಸಗೆಯಲ್ಲಿಯೂ ವಿದ್ಯಾರ್ಥಿಗಳನ್ನೂ ಉತ್ಸಾಹಿಗಳನ್ನೂ ಕೂಡಿಕೊಂಡು ಶೋಧನೆ ನಡೆಯಿತು. ಅಲ್ಲಿಯವರೆಗೆ ಗೋಡೆಯನ್ನು ಹುಡುಕುತ್ತ ಕಿರಿದಾದ ಕಾಲುವೆ ತೋಡುವುದು ರೂಢಿಯಾಗಿತ್ತು. ಡೆನ್ಮಾರ್ಕಿನಲ್ಲಿ ಆಕ್ಸೆಲ್ ಸ್ಟೀನ್ಸ್‌ಬರ್ಗರು ಬಳಸಿದ ಕ್ರಮವನ್ನು ಅನುಸರಿಸಿ ಇಲ್ಲಿ ಒಂದು ಮನೆಯ ನಿವೇಶನವನ್ನೆಲ್ಲ ಪದರಪದರವಾಗಿ ಬಿಡಿಸಿ ನೋಡಿದರು. ಒಕ್ಕಲಿನ ಮನೆಗಳು ತಲೆಮಾರಿಗೊಮ್ಮೆ ಬಿದ್ದು ಏಳುತ್ತಿದ್ದ ಗುಡಿಸಲುಗಳೆಂದು ಮೊದಲಲ್ಲಿ ಊಹಿಸಿದ್ದರು. ಬಾಗಿದ ದಪ್ಪ ಮರಗಳ ಜೋಡಿಯೇ ಮಾಡಿನ ಭಾರವನ್ನು ಹೊರುತ್ತಿತ್ತು, ಗೋಡೆಯನ್ನು ಮಾತ್ರ ಆಗಾಗ ದುರಸ್ತಿ ಮಾಡುತ್ತಿದ್ದರು, ಮನೆಗಳು ಬಹುಕಾಲ ಬಾಳುತ್ತಿದ್ದುವು ಎಂದು ೧೯೮೦ರ ದಶಕದಲ್ಲಿ ಸ್ಟುಅರ್ಟ್ ರ್‍ಯಾತ್‌ಮೆಲ್ಲರು ತೋರಿಸಿದ ಮೇಲೆ ಆ ಊಹೆ ಬಿದ್ದಿತು.

ಚರ್ಚಿನ ಒಳಗೂ ಅಂಗಳದಲ್ಲಿಯೂ ೧೯೬೨ರಿಂದ ೧೯೭೪ರವರೆಗೆ ಅಗೆದರು. ಹಿಂದೆ ವಿವರಿಸಿದ ಮರದ ಚರ್ಚು, ಮೊದಲನೆಯ ಕಲ್ಲಿನ ಚರ್ಚು, ಕಣ್ಮರೆಯಾದ ಪಾರ್ಶ್ವಶಾಲೆಗಳು ಇವೆಲ್ಲ ಬೆಳಕಿಗೆ ಬಂದುದು ಆಗಲೇ. ಅದಕ್ಕಿಂತಲೂ ಬೆಲೆಯುಳ್ಳದ್ದೆಂದರೆ ಅಲ್ಲಿ ಮಲಗಿದ್ದ ಜನ. ಒಟ್ಟು ೬೮೭ ಅಸ್ಥಿಪಂಜರಗಳನ್ನು ತೆಗೆದು ಪರೀಕ್ಷಿಸಿದರು. ಇವರಲ್ಲಿ ಬಹುಮಂದಿ ಐದು ಊರುಗಳ ಒಕ್ಕಲುಗಳು. ಹೆಸರು ಹೇಳುವ ಕಲ್ಲಿಲ್ಲದವರು.

ಈ ಮೂಳೆಗಳು ಹೇಳಿದ ಸಂಗತಿಗಳು ಯಾವ ಕಡತದಲ್ಲಿಯೂ ಇಲ್ಲ. ತಾಯಂದಿರು ಮಕ್ಕಳಿಗೆ ಸುಮಾರು ಒಂದೂವರೆ ವರ್ಷದವರೆಗೆ ಮೊಲೆಯೂಡುತ್ತಿದ್ದರೆಂಬುದು ಎಲುಬಿನಲ್ಲಿರುವ ಸಾರಜನಕದ ಪರೀಕ್ಷೆಯಿಂದ ಗೊತ್ತಾಯಿತು. ಮೊಲೆ ಬಿಡಿಸಿದ ಮೇಲೆ ಕಷ್ಟ ಮೊದಲಾಗುತ್ತಿತ್ತು. ಅಂದಿನ ಹದಿನಾಲ್ಕು ವರ್ಷದ ಹುಡುಗನ ಎತ್ತರವು ಈ ಕಾಲದ ಇಂಗ್ಲೆಂಡಿನ ಹತ್ತು ವರ್ಷದ ಹುಡುಗನ ಎತ್ತರಕ್ಕೆ ಸಮ. ಬದುಕಿ ಉಳಿದವರು ನಿಧಾನವಾಗಿ, ಹೆಚ್ಚು ವರ್ಷಗಳ ಕಾಲ ಬೆಳೆದು, ವಯಸ್ಕರಾದಾಗ ಇಂದಿನವರಿಗಿಂತ ಬಹಳವೇನೂ ಗಿಡ್ಡರಾಗಿರುತ್ತಿರಲಿಲ್ಲ. ಹೊಗೆ ಕಟ್ಟಿದ ಮನೆಗಳಲ್ಲಿ ಬಾಳಿದುದರಿಂದಲೋ ಏನೋ ವಯಸ್ಕರಲ್ಲಿ ನೂರಕ್ಕೆ ೩೯ ಮಂದಿಗೆ ಮೂಗಿನ ಪಕ್ಕದ ಎಲುಬಿನ ಪೊಟರೆಗಳಲ್ಲಿ ಹಳೆಯ ಉರಿಯೂತದ ಗುರುತು ಇತ್ತು. ಆದರೆ ಅದೇ ಕಾಲದ ಯಾರ್ಕ್ ನಗರದ ಒಂದು ಬಡ ಕೇರಿಯ ಸ್ಮಶಾನದಲ್ಲಿ ಈ ಪ್ರಮಾಣ ನೂರಕ್ಕೆ ೫೫. ಹಳ್ಳಿಯ ಗಾಳಿಗೂ ಪಟ್ಟಣದ ಗಾಳಿಗೂ ಇದ್ದ ಅಂತರವನ್ನು ಇದು ಅಳೆದು ತೋರಿಸುತ್ತದೆ. ಕ್ಷಯರೋಗದ ಗುರುತುಗಳೂ ದೊರೆತುವು. ದನಗಳೊಡನೆ ಒಂದೇ ಸೂರಿನ ಕೆಳಗೆ ಬಾಳಿದವರಿಗೆ ಅದು ದನಗಳಿಂದ ಬಂದಿರಬೇಕೆಂದು ಊಹಿಸುವುದು ಸಹಜ. ಡಿ. ಎನ್. ಎ. ಪರೀಕ್ಷೆಯಾದರೋ ಅದು ಮನುಷ್ಯನಿಂದ ಮನುಷ್ಯನಿಗೆ ಹರಡುವ ಕ್ಷಯವೆಂದು ತಿಳಿಸಿತು.

ಎಲ್ಲಕ್ಕಿಂತ ಹೆಚ್ಚಾಗಿ ವಿದ್ವಾಂಸರನ್ನು ಬೆರಗುಗೊಳಿಸಿದುದು ಒಂದು ತಲೆಬುರುಡೆ. ೧೧ನೆಯ ಶತಮಾನದ ಸುಮಾರಿನ, ನಲವತ್ತರ ಪ್ರಾಯದ ಒಬ್ಬ ಗಂಡಸಿನದು. ಮೊಂಡಾದ ಆಯುಧದ ಏಟಿನಿಂದ ಅವನ ಬುರುಡೆ ಒಡೆದಿತ್ತು. ಯಾರೋ ಕೈಬಲ್ಲವರು ಚರ್ಮವನ್ನು ಬಿಡಿಸಿ, ಒಡೆದ ಎಲುಬನ್ನು ಕೆರೆದು ತೆಗೆದು, ಮಿದುಳಿನ ಮೇಲಿನ ಒತ್ತಡವನ್ನು ತಪ್ಪಿಸಿದ್ದರು. ಗಾಯ ಮಾಯ್ದು ಎಲುಬು ಮತ್ತೆ ಬೆಳೆದಿರುವುದರಿಂದ ಅವನು ಆ ಚಿಕಿತ್ಸೆಯ ತರುವಾಯ ಬಹುದಿನ ಬದುಕಿದನೆಂಬುದು ಖಚಿತ. ಇಂತಹ ಶಸ್ತ್ರಚಿಕಿತ್ಸೆಯು ಸಿರಿವಂತರಿಗೆ ಮಾತ್ರ ದೊರೆಯುತ್ತಿತ್ತೆಂಬ ಭಾವನೆಯನ್ನು ಹಳ್ಳಿಯ ಒಬ್ಬ ಒಕ್ಕಲಿನ ತಲೆಯೋಡು ಅಲ್ಲಗಳೆಯಿತು.

ಎಲ್ಲರಿಗೂ ಈ ಅಂಗಳದಲ್ಲಿ ನೆಮ್ಮದಿ ದೊರೆಯಲಿಲ್ಲವೆಂಬುದಕ್ಕೂ ಸಾಕ್ಷ್ಯವಿದೆ. ಚರ್ಚಿನಿಂದ ಹೊರಗೆ, ಊರಿನೊಳಗಿನ ಗುಳಿಗಳಲ್ಲಿ ಕನಿಷ್ಠ ಹತ್ತು ಮಂದಿಗೆ ಸೇರಿದ ೧೩೭ ಎಲುಬುಗಳು ದೊರೆತಿದ್ದುವು. ೨೦೧೭ರಲ್ಲಿ ಪ್ರಕಟವಾದ ಪರಿಶೀಲನೆಯಂತೆ ಅವುಗಳ ಮೇಲೆ ಸತ್ತ ಬಳಿಕ ಚೂರಿಯಿಂದ ಕೊಯ್ದ ಗುರುತೂ ಸುಟ್ಟ ಗುರುತೂ ಇವೆ. ಹಲ್ಲುಗಳ ಪರೀಕ್ಷೆಯಿಂದ ಇವರು ಪರದೇಶಿಗಳಲ್ಲ, ಆ ಸೀಮೆಯಲ್ಲಿಯೇ ಬೆಳೆದವರೆಂದು ತಿಳಿದಿದೆ. ಸತ್ತವರು ಎದ್ದು ಬಂದು ಕಾಡುವರೆಂಬ ಭಯದಿಂದ ಹೀಗೆ ಮಾಡಿರಬಹುದೆಂಬುದು ಶೋಧಕರು ಮುಂದಿಟ್ಟ ವಿವರಣೆಗಳಲ್ಲಿ ಹೆಚ್ಚು ಒಪ್ಪುವಂತಹುದು. ನೆಂಟರಿಷ್ಟರ ನಡುವೆ ಮಣ್ಣಿಗೆ ಸೇರುವ ಹಕ್ಕನ್ನು ಊರೇ ಕೆಲವರಿಂದ ಕಿತ್ತುಕೊಂಡಿತೆಂದಾದರೆ, ಚರ್ಚಿನ ಅಂಗಳದ ಒಂದು ಗುಣಿಗೆ ಅಂದಿನವರು ಕೊಡುತ್ತಿದ್ದ ಬೆಲೆಯೇನೆಂಬುದು ಇದರಿಂದ ಮನದಟ್ಟಾಗುತ್ತದೆ.

೭. ಉಪಸಂಹಾರ

ಶೋಧನೆಯ ವರದಿಗಳು ಹದಿಮೂರು ಸಂಪುಟಗಳಾಗಿ ಹೊರಬಂದು, ಕೊನೆಯದು ೨೦೧೨ರಲ್ಲಿ ಪ್ರಕಟವಾಯಿತು. ಮಾಡಿಲ್ಲದ ಸಭಾಶಾಲೆಯನ್ನೂ ಅರ್ಧ ಉಳಿದ ಗೋಪುರವನ್ನೂ ಈಗ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯು ಕಾಪಾಡುತ್ತಿದೆ. ಅಲ್ಲಿಗೆ ನಡೆದೇ ಹೋಗಬೇಕು. ಸುತ್ತಲಿನ ಹುಲ್ಲಿನಲ್ಲಿ ಕುರಿಗಳು ಮೇಯುವುದನ್ನು ಇಂದಿಗೂ ಕಾಣಬಹುದು.

ಶಿಲ್ಪದ ಸೊಬಗಿನಲ್ಲಿ ಈ ಚರ್ಚನ್ನು ಮೀರಿಸುವ ಕಟ್ಟಡಗಳು ಇಂಗ್ಲೆಂಡಿನ ಪ್ರತಿಯೊಂದು ಪ್ರಾಂತ್ಯದಲ್ಲಿಯೂ ಇವೆ. ಯಾವ ದೊಡ್ಡ ದೊರೆಯೂ ಇಲ್ಲಿ ಮಲಗಿಲ್ಲ; ಯಾವ ಹೆಸರಾಂತ ಶಿಲ್ಪಿಯೂ ಇಲ್ಲಿ ಉಳಿ ಹಿಡಿಯಲಿಲ್ಲ. ಅಂದವಾದ ಚರ್ಚುಗಳನ್ನು ಮುಂದಿನ ಕಾಲದ ಸಿರಿವಂತರು ಮತ್ತೆ ಮತ್ತೆ ತಿದ್ದಿ ಹೊಸದು ಮಾಡಿದುದರಿಂದ ಅವುಗಳ ಹಳೆಯ ಗಾಯಗಳು ಮುಚ್ಚಿಹೋಗಿವೆ. ಇದನ್ನು ಹೊಸದು ಮಾಡಲು ಹಣವಾಗಲಿ ಜನವಾಗಲಿ ಇರಲಿಲ್ಲ. ಆ ಬಡತನವೇ ಇದರ ಸಾಕ್ಷ್ಯವನ್ನು ಕೆಡದಂತೆ ಉಳಿಸಿತು. ಮನೆ ಕಳೆದುಕೊಂಡ ಕೊನೆಯ ನಾಲ್ಕು ಒಕ್ಕಲುಗಳ ಹೆಸರನ್ನು ೧೫೧೭ರ ಕಡತವು ಉಳಿಸಲಿಲ್ಲ. ಕಲ್ಲು ತುಂಬಿದ ಕಮಾನುಗಳು ಮಾತ್ರ ಆ ಜಾಗದಲ್ಲಿ ಹಿಂದೆ ಎಷ್ಟು ಜನ ನಿಲ್ಲುತ್ತಿದ್ದರೆಂಬುದನ್ನು ಇಂದಿಗೂ ಅಳತೆ ಮಾಡಿ ತೋರಿಸುತ್ತಿವೆ.